ಲೆಕ್ಕ ಕಣ್ಣಿಗೆ ಬಂದರೆ ಸಾಲದು, ಕೈಗೆ ಬರಬೇಕು

ಅಕ್ಟೋಬರ್ ತಿಂಗಳ ಒಂದು ಸಂಜೆ. ಮದ್ರಸದಿಂದ ಮನೆಗೆ ಬಂದಾಗ ತಂಗಿ ಜಗಲಿಯಲ್ಲೇ ಕುಳಿತಿದ್ದಳು. ಕೈಯಲ್ಲಿ ಮಗಳ ಮಾರ್ಕ್ಸ್ ಕಾರ್ಡ್. ಹುಡುಗಿ ದ್ವಿತೀಯ ಪಿಯುಸಿ, ಸೈನ್ಸ್. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಮಿಸ್ಟ್ರಿ, ಬಯಾಲಜಿ ಪರವಾಗಿಲ್ಲ, ಫಿಸಿಕ್ಸ್ ಹೇಗೋ ದಾಟಿದೆ. ಗಣಿತದಲ್ಲಿ ಮಾತ್ರ 80ಕ್ಕೆ 19.

"ಇವಳಿಗೆ ಗಣಿತದ ತಲೆ ಇಲ್ಲ ಅಂತ ಕಾಣ್ತದೆ. ಸುಮ್ಮನೆ ಸೈನ್ಸಿಗೆ ಹಾಕಿದೆವು" ಎಂದಳು ತಂಗಿ. ಸೌದಿಯಲ್ಲಿರುವ ಅವಳ ಗಂಡ ಫೋನಿನಲ್ಲಿ, "ಈ ವರ್ಷ ಹೇಗಾದರೂ ಮುಗಿಯಲಿ, ಮುಂದಿನದ್ದು ಆಮೇಲೆ ನೋಡುವ" ಎಂದು ಹೇಳಿದ್ದರಂತೆ. ಆಮೇಲೆ ನೋಡುವ ಅಂದರೆ ಏನೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತುಂಟು. ಒಂದು ಸಂಬಂಧದ ಮಾತು ಆಗಲೇ ಬಂದಿತ್ತು. ಹುಡುಗಿಗೆ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದುವ ಆಸೆ. ಆ ದಿನ ಅವಳು ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ.

ನಾನು ಗಣಿತದ ಮೇಷ್ಟ್ರಲ್ಲ. ಮದ್ರಸದಲ್ಲಿ ಕಲಿಸುವವ. ಆದರೆ ಮಕ್ಕಳು ಪಾಠ ಕಲಿತಿದ್ದಾರೋ, ಕಲಿತಂತೆ ಕಾಣ್ತಾ ಇದ್ದಾರೋ ಎಂದು ನೋಡುವುದೇ ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಅವಳ ನೋಟ್ಸ್ ತರಿಸಿ ನೋಡಿದೆ. ಮುತ್ತಿನಂತಹ ಅಕ್ಷರ. ಲೆಕ್ಚರರ್ ಬೋರ್ಡಿನಲ್ಲಿ ಮಾಡಿದ ಪ್ರತಿಯೊಂದು ಲೆಕ್ಕ ಉಂಟು, ಉತ್ತರದ ಕೆಳಗೆ ಕೆಂಪು ಗೆರೆ ಸಹ. ಮೊಬೈಲಿನಲ್ಲಿ ವೀಡಿಯೊ ನೋಡಿ ಬರೆದುಕೊಂಡದ್ದು ಇನ್ನೊಂದು ಪುಸ್ತಕದಲ್ಲಿ. ಎರಡೂ ಪುಸ್ತಕದಲ್ಲಿ ಎಲ್ಲಿಯೂ ಒಂದು ಚಿತ್ತಿಲ್ಲ, ಹೊಡೆದು ಹಾಕಿದ ಸಾಲಿಲ್ಲ. ನನಗೆ ಸಂಶಯ ಬಂದದ್ದೇ ಅಲ್ಲಿ. ಲೆಕ್ಕ ಮಾಡಿದವರ ಪುಸ್ತಕ ಅಷ್ಟು ಚಂದ ಇರುವುದಿಲ್ಲ.

ಪಠ್ಯಪುಸ್ತಕದಲ್ಲೇ ಬಿಡಿಸಿ ತೋರಿಸಿದ ಒಂದು ಲೆಕ್ಕ ಆರಿಸಿದೆ. "ಇದು ಗೊತ್ತುಂಟಾ?" ಎಂದು ಕೇಳಿದೆ. ಓದಿ, "ಗೊತ್ತುಂಟು ಮಾಮ, ಸುಲಭದ್ದು" ಎಂದಳು. ಪುಸ್ತಕ ಮುಚ್ಚಿ ಖಾಲಿ ಹಾಳೆ ಕೊಟ್ಟೆ. ಮೊದಲ ಸಾಲು ಬರೆದಳು. ಎರಡನೆಯ ಸಾಲಿಗೆ ಪೆನ್ನು ನಿಂತಿತು. ಐದು ನಿಮಿಷ ಕಳೆಯಿತು. ಪುಸ್ತಕ ತೆರೆದ ಕೂಡಲೇ, "ಅಯ್ಯೋ, ಇದು ನನಗೆ ಗೊತ್ತಿತ್ತು!" ಎಂದಳು.

ಈ "ಗೊತ್ತಿತ್ತು" ಎಂಬ ಮಾತು ನನಗೆ ಹೊಸದಲ್ಲ. ನಾನೂ ಒಂದು ಕಾಲದಲ್ಲಿ ಪಿಯುಸಿ ಸೈನ್ಸ್ ಓದಿದವ. ಗಣಿತ ಅರ್ಥವಾಗದೆ, ಗೈಡಿನಲ್ಲಿದ್ದ ಲೆಕ್ಕಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಾಯಿಪಾಠ ಮಾಡಿದೆ. ನೆನಪು ಒಳ್ಳೆಯದಿತ್ತು, ಪಾಸಾದೆ. ಗಡಿಯಲ್ಲಿ, ಒಂದೆರಡು ಅಂಕ ಹೆಚ್ಚಿಗೆ. ಪರೀಕ್ಷೆ ಕಳೆದು ಒಂದು ತಿಂಗಳಲ್ಲಿ ಒಂದು ಲೆಕ್ಕವೂ ನೆನಪಿನಲ್ಲಿ ಉಳಿಯಲಿಲ್ಲ. ಆಮೇಲೆ ದರ್ಸಿಗೆ ಸೇರಿದೆ. ಅಲ್ಲಿ ಅರಬಿ ವ್ಯಾಕರಣದ ಸರ್ಫ್ ಕಲಿಯುವಾಗ ನನ್ನ ತಪ್ಪು ನನಗೆ ತಿಳಿಯಿತು. ಸರ್ಫಿನಲ್ಲಿ ಮಾದರಿಯನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. ಆದರೆ ಉಸ್ತಾದರು ಅಲ್ಲಿಗೆ ಬಿಡುತ್ತಿರಲಿಲ್ಲ. ಕಂಡು ಕೇಳದ ಒಂದು ಧಾತು ಕೊಟ್ಟು, ಆ ಮಾದರಿಯಲ್ಲಿ ಇದನ್ನು ಓಡಿಸು ನೋಡುವ ಅನ್ನುತ್ತಿದ್ದರು. ತಪ್ಪಿದರೆ ಮತ್ತೊಂದು ಧಾತು. ಮರುದಿನದ ಪಾಠವನ್ನು ಹಿಂದಿನ ರಾತ್ರಿಯೇ ನಾವಾಗಿ ಓದಿ ಬಿಡಿಸಲು ನೋಡಬೇಕಿತ್ತು, ಅದಕ್ಕೆ ಮುತಾಲಅ ಎನ್ನುತ್ತಿದ್ದೆವು. ಪಿಯುಸಿಯಲ್ಲಿ ಗಣಿತವನ್ನು ನಾನು ಹಾಗೆ ಓದಿದ್ದರೆ ಎಂದು ಈಗಲೂ ಅನಿಸುವುದುಂಟು.

ತಂಗಿಯ ಮಗಳಿಗೆ ತಲೆ ಉಂಟು. ಇಲ್ಲದ್ದು ಕೈಯ ಅಭ್ಯಾಸ. ಇದನ್ನು ಅವಳ ಉಮ್ಮನಿಗೆ ಅರ್ಥ ಮಾಡಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ನೀನು ಪತ್ತಿರಿ ಮಾಡುವುದನ್ನು ಇವಳು ಹುಟ್ಟಿದಂದಿನಿಂದ ನೋಡ್ತಾ ಇದ್ದಾಳೆ. ನಾಳೆ ಬೆಳಿಗ್ಗೆ ಇವಳ ಕೈಯಲ್ಲಿ ಮಾಡಿಸು, ದುಂಡಗೆ ಬರ್ತದಾ ನೋಡುವ" ಎಂದೆ. ತಂಗಿ ನಕ್ಕಳು. ಮಾರ್ಚಿನ ಪರೀಕ್ಷೆಯವರೆಗೆ ಆ ಸಂಬಂಧದ ಮಾತು ಎತ್ತುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡೆ. ಮಗ್ರಿಬ್ ಕಳೆದು ಇಶಾದವರೆಗಿನ ಒಂದು ಗಂಟೆ ಗಣಿತಕ್ಕೆ ಎಂದು ನಿಶ್ಚಯವಾಯಿತು. ಆ ಹೊತ್ತಿನಲ್ಲಿ ಮೊಬೈಲ್ ಅವಳ ಉಮ್ಮನ ಹತ್ತಿರ.

ಮೊದಲ ವಾರ ನಾನೇ ಪಠ್ಯಪುಸ್ತಕ ಹಿಡಿದು ಕುಳಿತೆ. ದ್ವಿತೀಯ ಪಿಯುಸಿ ಗಣಿತದಲ್ಲಿ ಒಟ್ಟು 13 ಅಧ್ಯಾಯ. ಮೊದಲನೆಯದ್ದು ಸಂಬಂಧಗಳು ಮತ್ತು ಫಂಕ್ಷನ್. ಇದನ್ನು ಮಕ್ಕಳು ಥಿಯರಿ ಎಂದು ಬಿಟ್ಟುಬಿಡುತ್ತಾರೆ. ನನಗೆ ನೋಡಿದರೆ ಇದು ಮದ್ರಸದ ಬೆಂಚಿನ ವಿಷಯವೇ. ತರಗತಿಗೆ ಬಂದ ಪ್ರತಿಯೊಂದು ಮಗುವಿಗೂ ಕುಳಿತುಕೊಳ್ಳಲು ಒಂದು ಬೆಂಚು, ಒಂದೇ ಬೆಂಚು: ಅದು ಫಂಕ್ಷನ್. ಒಬ್ಬನೇ ಹುಡುಗ ಏಕಕಾಲಕ್ಕೆ ಎರಡು ಬೆಂಚಿನಲ್ಲಿ ಕುಳಿತರೆ ಫಂಕ್ಷನ್ ಅಲ್ಲ. ಒಂದು ಬೆಂಚಿನಲ್ಲಿ ಇಬ್ಬರು ಕುಳಿತರೂ ಫಂಕ್ಷನ್ ಹೌದು, ಆದರೆ ಒನ್-ಒನ್ ಅಲ್ಲ. ಯಾವುದಾದರೂ ಬೆಂಚು ಖಾಲಿ ಉಳಿದರೆ ಆನ್‌ಟು ಅಲ್ಲ. ಬೆಂಚು ನೋಡಿ ಮಗುವಿನ ಹೆಸರು ಹೇಳಬೇಕಾದರೆ ಒಂದು ಬೆಂಚಿಗೆ ಒಬ್ಬನೇ ಇರಬೇಕು, ಖಾಲಿ ಬೆಂಚೂ ಇರಬಾರದು. ಹಾಗಿದ್ದರೆ ಮಾತ್ರ ಇನ್ವರ್ಸ್ ಉಂಟು. ಹುಡುಗಿ ಇದನ್ನು ಬ್ಯಾರಿಯಲ್ಲಿ ತನ್ನ ತಮ್ಮನಿಗೆ ವಿವರಿಸಿದಳು. ಅವನು ಆರನೆಯ ತರಗತಿ. ಅವನಿಗೆ ಅರ್ಥವಾಯಿತು.

ಇದನ್ನು ನಾನು ಎಲ್ಲ ತಂದೆ ತಾಯಂದಿರಿಗೂ ಹೇಳುತ್ತೇನೆ. ಪುಸ್ತಕ ಇಂಗ್ಲಿಷಿನಲ್ಲಿ ಇರಲಿ, ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಲಿ. ಮನೆಯಲ್ಲಿ ವಿವರಿಸುವಾಗ ಮಗು ತನ್ನ ಬಾಯಿಯ ಭಾಷೆಯಲ್ಲಿ ವಿವರಿಸಲಿ. ಬ್ಯಾರಿಯಲ್ಲಿ ಹೇಳಲು ಬಾರದ ಸಾಲು ಇಂಗ್ಲಿಷಿನಲ್ಲಿಯೂ ಅದಕ್ಕೆ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ಎರಡನೆಯ ಅಧ್ಯಾಯಕ್ಕೆ ಬಂದಾಗ ನಾವಿಬ್ಬರೂ ಸಿಕ್ಕಿಬಿದ್ದೆವು. ಇನ್ವರ್ಸ್ ತ್ರಿಕೋನಮಿತಿ. ಸೈನ್ ಇನ್ವರ್ಸ್ ಬರೆಯುವಾಗ ಕೋನ ಮೈನಸ್ 90 ಡಿಗ್ರಿಯಿಂದ 90 ಡಿಗ್ರಿಯ ಒಳಗೆ ಇರಬೇಕು ಎಂದು ಪುಸ್ತಕ ಹೇಳುತ್ತದೆ. ಹುಡುಗಿ ಅದನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದಳು. ಎಂತಕ್ಕೆ ಎಂದು ಕೇಳಿದರೆ, "ಹಾಗೆ ಕೊಟ್ಟಿದ್ದಾರೆ." ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಡಿಸೆಂಬರ್ ಮೂರನೆಯ ವಾರ, ಒಂದು ಭಾನುವಾರ, ಮನೆಯ ಅಂಗಳದಲ್ಲಿ.

ನಾವು ಬ್ಯಾರಿಗಳು ಶಾಫಿ ಮದ್‌ಹಬಿನವರು. ನಮ್ಮಲ್ಲಿ ಅಸರ್ ಸಮಯ ಆರಂಭವಾಗುವುದು ಒಂದು ವಸ್ತುವಿನ ನೆರಳು ಆ ವಸ್ತುವಿನಷ್ಟೇ ಉದ್ದ, ಅದರ ಮೇಲೆ ನಡುಮಧ್ಯಾಹ್ನದಲ್ಲಿ ಇದ್ದ ನೆರಳಿನಷ್ಟು ಕೂಡಿಸಿದಾಗ. ಇದನ್ನು ಮದ್ರಸದಲ್ಲಿ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಅದರಲ್ಲಿ ತ್ರಿಕೋನಮಿತಿ ಉಂಟೆಂದು ನನಗೆ ಹೊಳೆದದ್ದು ಈ ಪಿಯುಸಿ ಪುಸ್ತಕ ಮತ್ತೆ ಹಿಡಿದ ಮೇಲೆ. ಅಂಗಳದಲ್ಲಿ ಸರಿಯಾಗಿ 100 ಸೆಂಟಿಮೀಟರ್ ಉದ್ದದ ಕೋಲು ನೆಟ್ಟಗೆ ನಿಲ್ಲಿಸಿದೆವು. ದಾರಕ್ಕೆ ಕಲ್ಲು ಕಟ್ಟಿ, ಕೋಲು ಸರಿಯಾಗಿ ನಿಂತಿದೆಯೋ ಎಂದು ನೋಡಿದ್ದು ಹುಡುಗಿಯದ್ದೇ ಬುದ್ಧಿ. ಹನ್ನೆರಡೂವರೆ ಹೊತ್ತಿಗೆ ನೆರಳು ಎಲ್ಲಕ್ಕಿಂತ ಗಿಡ್ಡವಾಯಿತು. ಅಳೆದರೆ 74 ಸೆಂಟಿಮೀಟರಿನ ಹತ್ತಿರ. ಅಂದರೆ ಅಸರ್ ಆಗಬೇಕಾದರೆ ನೆರಳು 174 ಆಗಬೇಕು.

ಈಗ ಲೆಕ್ಕ. ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಇರುತ್ತಾನೋ ಆ ಕೋನದ ಕೋಟ್ಯಾಂಜೆಂಟ್ ಅಂದರೆ ನೆರಳನ್ನು ಕೋಲಿನಿಂದ ಭಾಗಿಸಿದ್ದು. 174 ಭಾಗಿಸು 100, ಅಂದರೆ 1.74. ಯಾವ ಕೋನದ ಕೋಟ್ಯಾಂಜೆಂಟ್ 1.74ರ ಹತ್ತಿರ? ಹುಡುಗಿ ಒಂದು ಕ್ಷಣ ನೋಡಿ, "√3 ಅಲ್ವಾ ಮಾಮ, 1.732! ಹಾಗಾದರೆ 30 ಡಿಗ್ರಿ!" ಎಂದು ಕೂಗಿದಳು. ಅವಳು ಹತ್ತನೆಯ ತರಗತಿಯಿಂದ ಬಾಯಿಪಾಠ ಮಾಡಿದ ಟೇಬಲಿನ 30 ಡಿಗ್ರಿ ಅಂಗಳಕ್ಕೆ ಇಳಿದು ಬಂದಿತ್ತು. ಮೂರು ಮುಕ್ಕಾಲರ ಹೊತ್ತಿಗೆ ನೆರಳು 174 ಮುಟ್ಟಿತು. ಮಸೀದಿಯ ಗೋಡೆಯ ವೇಳಾಪಟ್ಟಿಗೂ ನಮಗೂ ಒಂದೆರಡು ನಿಮಿಷ ಆಚೀಚೆ.

ಇಲ್ಲಿಗೆ ನಿಲ್ಲಿಸಲಿಲ್ಲ. ಒಂದು ಲೆಕ್ಕ ಸರಿಯಾದ ಮೇಲೆ ಅದರಲ್ಲಿ ಒಂದು ಸಂಖ್ಯೆ ಬದಲಿಸಿ ಮತ್ತೆ ಮಾಡಬೇಕು, ಆಗಲೇ ಅದು ಗಟ್ಟಿಯಾಗುವುದು. ಹನಫಿ ಮದ್‌ಹಬಿನಲ್ಲಿ ವಸ್ತುವಿನ ಎರಡು ಪಟ್ಟು ನೆರಳು ಬೇಕು. ಹಾಗಾದರೆ 2.74, ಕೋನ ಸುಮಾರು 20 ಡಿಗ್ರಿ. ಮಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆಗಸ್ಟಿನದ್ದು ಹೆಚ್ಚಾಗಿ ಮೋಡದಲ್ಲೇ ಹೋಗ್ತದೆ. ಆ ದಿನ ನಡುಮಧ್ಯಾಹ್ನ ಕೋಲಿಗೆ ನೆರಳೇ ಇಲ್ಲ. ಆಗ ನಮ್ಮ ಅಸರಿಗೆ ಕೋನ ಎಷ್ಟು? ನೆರಳು ಕೋಲಿನಷ್ಟೇ, ಕೋಟ್ಯಾಂಜೆಂಟ್ 1, ಕೋನ 45 ಡಿಗ್ರಿ. ಇದನ್ನು ಅವಳು ಕಾಗದ ಇಲ್ಲದೆ ಹೇಳಿದಳು. (ಮಕ್ಕಳು ಇದನ್ನು ಮಾಡುವಾಗ ನೆರಳನ್ನು ಮಾತ್ರ ನೋಡಲಿ, ಸೂರ್ಯನನ್ನು ನೇರ ನೋಡುವುದು ಬೇಡ.)

ಆಗ ಅವಳ ತಮ್ಮ ಒಂದು ಪ್ರಶ್ನೆ ಕೇಳಿದ. "ಬೆಳಿಗ್ಗೆ ಕೂಡ ನೆರಳು 174 ಆಗಿತ್ತಲ್ಲ, ಆಗ ಎಂತಕ್ಕೆ ಅಸರ್ ಆಗಲಿಲ್ಲ?" ಹುಡುಗಿ ನಗಲು ಹೋಗಿ ಅರ್ಧದಲ್ಲಿ ನಿಲ್ಲಿಸಿದಳು. ಒಂದೇ ನೆರಳು ದಿನಕ್ಕೆ ಎರಡು ಸಲ ಬರುತ್ತದೆ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ. ಬರೀ ನೆರಳು ನೋಡಿ ಗಂಟೆ ಹೇಳಲು ಆಗುವುದಿಲ್ಲ. ಒಂದು ಬೆಂಚಿನಲ್ಲಿ ಇಬ್ಬರು ಕುಳಿತಿದ್ದಾರೆ! ಹೇಳಬೇಕಾದರೆ ದಿನವನ್ನು ನಡುವಿನಲ್ಲಿ ಕತ್ತರಿಸಿ ಮಧ್ಯಾಹ್ನದ ನಂತರದ ಅರ್ಧವನ್ನು ಮಾತ್ರ ಇಟ್ಟುಕೊಳ್ಳಬೇಕು. ಸೈನ್ 30 ಡಿಗ್ರಿಯೂ ಅರ್ಧ, ಸೈನ್ 150 ಡಿಗ್ರಿಯೂ ಅರ್ಧ. ಅರ್ಧ ಎಂಬ ಉತ್ತರದಿಂದ ಕೋನಕ್ಕೆ ವಾಪಸು ಹೋಗಬೇಕಾದರೆ ಅಲ್ಲಿಯೂ ಒಂದು ಕಡೆಯನ್ನು ಕತ್ತರಿಸಬೇಕು. ಗೋಡೆಗೆ ಅಂಟಿಸಿದ ಆ ಪಟ್ಟಿ, ಮೈನಸ್ 90ರಿಂದ 90 ಎಂಬುದು, ಈ ಕತ್ತರಿಸಿದ ತುಂಡು. ಅವಳು ಒಳಗೆ ಹೋಗಿ ಪಟ್ಟಿಯನ್ನು ಕಿತ್ತು ತೆಗೆದಳು. ಇನ್ನು ಬೇಡ ಅಂತೆ.

ಸೈನ್ ಎಂಬ ಶಬ್ದದ ಕತೆಯೂ ಅವಳಿಗೆ ಹೇಳಿದೆ. ಆರ್ಯಭಟರು ಕ್ರಿ.ಶ. 499ರ ಸುಮಾರಿಗೆ ತಮ್ಮ ಗ್ರಂಥದಲ್ಲಿ ಇದಕ್ಕೆ ಜ್ಯಾ ಎಂದು ಕರೆದರು. ಬಿಲ್ಲಿನ ಹೆದೆ ಎಂದು ಅರ್ಥ. ಈ ಗಣಿತ ಅರಬಿಗೆ ಹೋದಾಗ ಅವರು ಶಬ್ದವನ್ನು ಹಾಗೆಯೇ ಜೀಬಾ ಎಂದು ತೆಗೆದುಕೊಂಡರು. ಅರಬಿ ಬರವಣಿಗೆಯಲ್ಲಿ ಸ್ವರ ಚಿಹ್ನೆ ಹಾಕದೆ ಬರೆಯುವುದು ವಾಡಿಕೆಯಾದ್ದರಿಂದ ಮುಂದಿನವರು ಅದನ್ನು ಜೈಬ್ ಎಂದು ಓದಿದರು. ಜೈಬ್ ಅಂದರೆ ಅಂಗಿಯ ಎದೆಯ ಮಡಿಕೆ. ಲ್ಯಾಟಿನಿಗೆ ಅನುವಾದಿಸಿದವರು ಅದೇ ಅರ್ಥದ ಸೈನಸ್ ಶಬ್ದ ಹಾಕಿದರು. ಕನ್ನಡದಲ್ಲಿ ನಾವು ಜೇಬು ಎನ್ನುವುದೂ ಇದೇ ಜೈಬಿನಿಂದ ಬಂದದ್ದು. ಒಂದು ಓದಿನ ತಪ್ಪು ಸಾವಿರ ವರ್ಷ ನಡೆದು ನಮ್ಮ ಪಿಯುಸಿ ಪುಸ್ತಕಕ್ಕೆ ಬಂದು ಸೇರಿದೆ.

ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಅಲ್‌ಖ್ವಾರಿಝ್ಮಿ ಆಲ್ಜೀಬ್ರಾ ಕೊಟ್ಟರು, ಅಲ್‌ಬಿರೂನಿ ಬೆಟ್ಟದ ಮೇಲೆ ನಿಂತು ಭೂಮಿಯ ಗಾತ್ರ ಅಳೆದರು ಎಂದು ಭಾಷಣ ಮಾಡುವುದುಂಟು. ನಾನೂ ಮಾಡಿದ್ದೇನೆ. ಹೇಳಿದ್ದು ನಿಜವೇ. ಆದರೆ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಹುಡುಗನಿಗೆ ಮನೆಗೆ ಹೋಗಿ ಒಂದು ಸಮೀಕರಣ ಬಿಡಿಸಲು ಬಾರದಿದ್ದರೆ ಆ ಹೆಸರುಗಳಿಂದ ಅವನಿಗೆ ಎಂತ ಸಿಕ್ಕಿತು? ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿ ಖ್ವಾರಿಝ್ಮಿ ಬರೆದ ಆ ಪುಸ್ತಕದ ತುಂಬ ಬಿಡಿಸಿದ ಲೆಕ್ಕಗಳೇ ಇವೆ. ಆಸ್ತಿ ಪಾಲಿನ ಲೆಕ್ಕವೇ ಅದರಲ್ಲಿ ಒಂದು ದೊಡ್ಡ ಭಾಗ. ಒಂದರ ಹಿಂದೆ ಒಂದು ಸನ್ನಿವೇಶ ಬದಲಿಸಿ ಮಾಡಿ ತೋರಿಸಿದ್ದಾರೆ.

ಇನ್ನು ಕಲನಶಾಸ್ತ್ರ, ಕ್ಯಾಲ್ಕುಲಸ್. ಮಕ್ಕಳು ಹೆಚ್ಚು ಹೆದರುವುದು ಇದಕ್ಕೆ. ಐದನೆಯ ಅಧ್ಯಾಯದಿಂದ ಒಂಬತ್ತನೆಯವರೆಗೆ ಇದೇ ನಡೆಯುತ್ತದೆ, ಹಾಗಾಗಿ ಇದನ್ನು ಬಿಟ್ಟು ಪಾಸಾಗುವ ಉಪಾಯ ಹುಡುಕುವುದು ಸಮಯ ಹಾಳು. ಬಸ್ಸಿನ ಡ್ರೈವರ್ ಎದುರು ಎರಡು ಸಂಖ್ಯೆ ಇರುತ್ತದೆ, ಬಸ್ಸು ಒಟ್ಟು ಓಡಿದ ಕಿಲೋಮೀಟರ್ ಒಂದು, ಈಗಿನ ವೇಗ ಇನ್ನೊಂದು. ಮೊದಲನೆಯದ್ದು ಹೇಗೆ ಬದಲಾಗುತ್ತಿದೆ ಎಂದು ಕೇಳಿದರೆ ಎರಡನೆಯದ್ದು ಸಿಗುತ್ತದೆ, ಅದು ಡೆರಿವೇಟಿವ್. ಎರಡನೆಯದ್ದನ್ನು ಕ್ಷಣ ಕ್ಷಣಕ್ಕೆ ಕೂಡಿಸುತ್ತ ಹೋದರೆ ಓಡಿದ ದೂರ ಸಿಗುತ್ತದೆ, ಅದು ಇಂಟಿಗ್ರೇಶನ್.

ಮಸೀದಿಯ ಗೋಡೆಯಲ್ಲಿರುವ ವೇಳಾಪಟ್ಟಿಯನ್ನೇ ಮತ್ತೆ ತೆಗೆದುಕೊಂಡೆವು. ಮಗ್ರಿಬಿನ ಕಾಲಮ್ ಮೇಲಿನಿಂದ ಕೆಳಗೆ ಓದುತ್ತ ಹೋಗಿ. ಸೆಪ್ಟೆಂಬರ್ 10ರಿಂದ 20ರ ಒಳಗೆ ನಮ್ಮ ಕಡೆ ಸೂರ್ಯಾಸ್ತ ಸುಮಾರು 7 ನಿಮಿಷ ಹಿಂದಕ್ಕೆ ಬರುತ್ತದೆ. ಜುಲೈ ಮೊದಲ ವಾರದ ಸುಮಾರಿಗೆ ನೋಡಿದರೆ ದಿನಗಟ್ಟಲೆ ಅದೇ ಸಮಯ, ಅಲುಗಾಡುವುದಿಲ್ಲ. ವರ್ಷದ ಅತಿ ತಡವಾದ ಮಗ್ರಿಬ್ ಅಲ್ಲೇ ಇರುವುದು. ನವೆಂಬರ್ ಮೂರನೆಯ ವಾರದ ಹೊತ್ತಿಗೆ ಮತ್ತೆ ಹಾಗೆಯೇ ನಿಂತುಬಿಡುತ್ತದೆ, ಅದು ಅತಿ ಬೇಗನೆಯ ಮಗ್ರಿಬ್. ಗರಿಷ್ಠ ಇರುವಲ್ಲಿ, ಕನಿಷ್ಠ ಇರುವಲ್ಲಿ ಬದಲಾವಣೆಯ ದರ ಸೊನ್ನೆ. ಮ್ಯಾಕ್ಸಿಮಾ ಮಿನಿಮಾ ಲೆಕ್ಕದಲ್ಲಿ ಡೆರಿವೇಟಿವ್ ಅನ್ನು ಸೊನ್ನೆಗೆ ಸಮ ಎಂದು ಬರೆಯುವುದು ಇದಕ್ಕೇ. ಆ ಸಾಲನ್ನು ಅವಳು ಆರು ತಿಂಗಳಿನಿಂದ ಅರ್ಥವಿಲ್ಲದೆ ಬರೆಯುತ್ತ ಬಂದಿದ್ದಳು.

ಆಮೇಲೆ ಪುಸ್ತಕದ ಆ ಪ್ರಸಿದ್ಧ ಲೆಕ್ಕ. 18 ಸೆಂಟಿಮೀಟರ್ ಚೌಕದ ತಗಡು, ನಾಲ್ಕು ಮೂಲೆಯಲ್ಲಿ ಸಣ್ಣ ಚೌಕ ಕತ್ತರಿಸಿ ಮಡಚಿ ಮುಚ್ಚಳ ಇಲ್ಲದ ಡಬ್ಬಿ ಮಾಡಬೇಕು, ಅತಿ ಹೆಚ್ಚು ಹಿಡಿಯುವಂತೆ. ತಗಡಿನ ಬದಲು ಸ್ವೀಟ್ ಬಾಕ್ಸಿನ ರಟ್ಟು. ಅಕ್ಕ ತಮ್ಮ ಸೇರಿ ಮೂರು ಡಬ್ಬಿ ಮಾಡಿದರು. 2 ಸೆಂಟಿಮೀಟರ್ ಕತ್ತರಿಸಿದರೆ 14 ಗುಣಿಸು 14 ಗುಣಿಸು 2, ಅಂದರೆ 392. 4 ಕತ್ತರಿಸಿದರೆ 400. 3 ಕತ್ತರಿಸಿದರೆ 432. ಇದೆಲ್ಲ ಆದ ಮೇಲೆ ಡೆರಿವೇಟಿವ್ ತೆಗೆದು ಸೊನ್ನೆಗೆ ಹಾಕಿದಾಗ ಉತ್ತರ 3 ಎಂದು ಬಂತು. ಮೊದಲು ಕೈಯಿಂದ ಅಂದಾಜು ಮಾಡಿ ಆಮೇಲೆ ಸೂತ್ರ ಹಾಕಿದರೆ, ಸೂತ್ರದಲ್ಲಿ ತಪ್ಪಿದಾಗ ಗೊತ್ತಾಗುತ್ತದೆ. ಎರಡೂ ಮೂರನೆಯ ಡಬ್ಬಿ ಈಗ ತಂಗಿಯ ಅಡುಗೆಮನೆಯಲ್ಲಿ ಉಂಟು, ಒಂದರಲ್ಲಿ ಬೆಳ್ಳುಳ್ಳಿ.

ತಪ್ಪುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಾನು ಅವಳಿಗೆ ಒಂದು ಸಣ್ಣ ಪುಸ್ತಕ ಕೊಟ್ಟು, ಸರಿಯಾದ ಲೆಕ್ಕ ಇದರಲ್ಲಿ ಬರೆಯಬೇಡ, ತಪ್ಪಿದ್ದನ್ನು ಮಾತ್ರ ಬರೆ ಎಂದೆ. ಎರಡು ವಾರ ಕಳೆದು ನೋಡಿದರೆ ಒಂದು ವಿಷಯ ಕಂಡಿತು. ನಲ್ವತ್ತು ತಪ್ಪು ಎಂದು ಅಂದುಕೊಂಡದ್ದು ಅಸಲಿಗೆ ಐದಾರು ತಪ್ಪುಗಳೇ, ವೇಷ ಬದಲಿಸಿ ಮತ್ತೆ ಮತ್ತೆ ಬಂದದ್ದು. ಸೈನ್ ಇನ್ವರ್ಸ್ ಎಂಬುದನ್ನು 1 ಭಾಗಿಸು ಸೈನ್ ಎಂದು ಓದುವುದು ಒಂದು. ಎಕ್ಸ್ ವರ್ಗದ ವರ್ಗಮೂಲ ಎಕ್ಸ್ ಎಂದು ಬರೆದು, ಎಕ್ಸ್ ಋಣ ಸಂಖ್ಯೆಯಾದರೆ ಏನು ಗತಿ ಎಂದು ಮರೆಯುವುದು ಒಂದು. ಎ ಮತ್ತು ಬಿ ಕೂಡಿಸಿದ ಕೋನದ ಸೈನ್ ಅಂದರೆ ಎರಡರ ಸೈನ್ ಕೂಡಿಸಿದ್ದು ಎಂದು ಬರೆಯುವುದು ಇನ್ನೊಂದು. ಇದಕ್ಕೆ ಔಷಧಿ ಸುಲಭ. 30 ಮತ್ತು 60 ಹಾಕಿ ನೋಡಿದರೆ ಸಾಕು. ಸೈನ್ 90 ಅಂದರೆ 1. ಬೇರೆ ಬೇರೆ ಕೂಡಿಸಿದರೆ 0.5 ಮತ್ತು 0.866 ಸೇರಿ 1.366. ಸೈನ್ ಒಂದಕ್ಕಿಂತ ಹೆಚ್ಚು ಆಗುವುದುಂಟಾ?

ಚೈನ್ ರೂಲ್ ಎಂಬುದೊಂದು ಉಂಟು, ಅದರಲ್ಲಿ ಬಿದ್ದವರೇ ಹೆಚ್ಚು. ಸೈನ್ ಒಳಗೆ ಎಕ್ಸ್ ವರ್ಗ ಇದ್ದಾಗ ಹುಡುಗಿ ಕೊಸೈನ್ ಎಕ್ಸ್ ವರ್ಗ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದಳು. ಅವಳ ಉಪ್ಪ ಸೌದಿಯಿಂದ ಕಳುಹಿಸುವ ಪೆಟ್ಟಿಗೆಯ ನೆನಪು ಮಾಡಿಸಿದೆ. ಹೊರಗಿನ ಪೆಟ್ಟಿಗೆ ಬಿಚ್ಚಿದರೆ ಆಯ್ತಾ, ಒಳಗಿನ ಪೊಟ್ಟಣ ಯಾರು ಬಿಚ್ಚುವುದು? ಹೊರಗಿನದ್ದು ಬಿಚ್ಚಿದಾಗ ಕೊಸೈನ್ ಎಕ್ಸ್ ವರ್ಗ, ಒಳಗಿನದ್ದು ಬಿಚ್ಚಿದಾಗ 2 ಎಕ್ಸ್, ಎರಡನ್ನೂ ಗುಣಿಸಬೇಕು. ಆ ತಪ್ಪಿನ ಎದುರು ಅವಳು ಪುಸ್ತಕದಲ್ಲಿ "ಪೊಟ್ಟಣ" ಎಂದು ಬರೆದುಕೊಂಡಿದ್ದಾಳೆ.

ಟ್ಯೂಷನ್ ಇಲ್ಲದ ಮನೆಗಳಿಗೆ ಇಂಟಿಗ್ರೇಶನ್ನಿನಷ್ಟು ದೊಡ್ಡ ಉಪಕಾರಿ ಬೇರೊಂದಿಲ್ಲ, ಯಾಕೆಂದರೆ ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಂದ ಉತ್ತರದ ಡೆರಿವೇಟಿವ್ ತೆಗೆದರೆ ಪ್ರಶ್ನೆ ವಾಪಸು ಬರಬೇಕು, ಬಾರದಿದ್ದರೆ ಎಲ್ಲೋ ತಪ್ಪಿದೆ. ಎಕ್ಸ್ ಗುಣಿಸು ಈ ಘಾತ ಎಕ್ಸ್ ಎಂಬುದನ್ನು ಇಂಟಿಗ್ರೇಟ್ ಮಾಡಿದರೆ ಎಕ್ಸ್ ಮೈನಸ್ 1 ಗುಣಿಸು ಈ ಘಾತ ಎಕ್ಸ್ ಬರುತ್ತದೆ, ಜೊತೆಗೆ ಒಂದು ಸ್ಥಿರಾಂಕ. ಅದನ್ನು ತಿರುಗಿಸಿ ನೋಡಿದರೆ ಮತ್ತೆ ಪ್ರಶ್ನೆಯೇ ಎದುರು ನಿಲ್ಲುತ್ತದೆ. ಹುಡುಗಿ ಹೀಗೆ ತಾನೇ ತನ್ನನ್ನು ಪರೀಕ್ಷಿಸಲು ಕಲಿತ ದಿನದಿಂದ ಲೆಕ್ಕ ಹಿಡಿದುಕೊಂಡು ನನ್ನ ಮುಖ ನೋಡುವುದನ್ನು ಬಿಟ್ಟಳು. ಆ ಸ್ಥಿರಾಂಕ ಬರೆಯಲು ಮಾತ್ರ ಈಗಲೂ ಮರೆಯುತ್ತಾಳೆ.

ಜನವರಿಯಲ್ಲಿ ಹೊಸ ತೊಂದರೆ ಬಂತು. ಅಧ್ಯಾಯದ ಹಿಂದಿನ ಅಭ್ಯಾಸದ ಲೆಕ್ಕಗಳನ್ನು ಸರಸರನೆ ಮಾಡುತ್ತಿದ್ದವಳು ಕಾಲೇಜಿನ ಟೆಸ್ಟಿನಲ್ಲಿ ಮತ್ತೆ ತಡವರಿಸಿದಳು. ಕಾರಣ ಹುಡುಕಿದೆವು. ಅಧ್ಯಾಯದ ಕೊನೆಯಲ್ಲಿರುವ ಲೆಕ್ಕಕ್ಕೆ ಯಾವ ದಾರಿ ಎಂದು ಮೇಲಿನ ಶೀರ್ಷಿಕೆಯೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಶೀರ್ಷಿಕೆ ಇರುವುದಿಲ್ಲ. ಸಬ್‌ಸ್ಟಿಟ್ಯೂಷನ್ನಾ, ಭಾಗಶಃ ಇಂಟಿಗ್ರೇಶನ್ನಾ, ತ್ರಿಕೋನಮಿತಿಯ ಸೂತ್ರ ಹಾಕಬೇಕಾ ಎಂದು ತಾನೇ ಆರಿಸಬೇಕು. ಅದಕ್ಕೆ ಚೀಟಿ ಮಾಡಿದೆವು. ಬೇರೆ ಬೇರೆ ಅಧ್ಯಾಯದ ಲೆಕ್ಕಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಹಳೆಯ ಬಿಸ್ಕಿಟ್ ಡಬ್ಬಿಗೆ ಹಾಕಿ, ದಿನಕ್ಕೆ ಐದು ಎತ್ತುವುದು. ಮೊದಲು ಲೆಕ್ಕ ಮಾಡದೆ ಯಾವ ದಾರಿ, ಯಾಕೆ ಎಂದು ಬಾಯಲ್ಲಿ ಹೇಳಬೇಕು. ತಪ್ಪಿದ ಚೀಟಿ ವಾಪಸು ಡಬ್ಬಿಗೆ. ಸರಿಯಾದದ್ದೂ ಒಂದು ವಾರ ಕಳೆದು ಮತ್ತೆ ಡಬ್ಬಿಗೆ.

ಈ ಡಬ್ಬಿಯ ಪರೀಕ್ಷಕಿ ಅವಳ ಉಮ್ಮ. ತಂಗಿ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವಳ ಕೆಲಸ ಒಂದೇ, ಪ್ರತಿ ಸಾಲಿಗೆ "ಇದು ಎಂತಕ್ಕೆ?" ಎಂದು ಕೇಳುವುದು. ಮಗಳು ತಡೆಯದೆ ಹೇಳಿದರೆ ಮುಂದಿನ ಸಾಲು. ತಡೆದು ನಿಂತರೆ, "ಅದು ಹಾಗೇ" ಎಂದರೆ, ಪೆನ್ಸಿಲಿನಲ್ಲಿ ಒಂದು ಗುರುತು. ಕಾಲೇಜಿನಲ್ಲಿ ಮರುದಿನ ಲೆಕ್ಚರರ್ ಹತ್ತಿರ ಕೇಳಬೇಕಾದದ್ದು ಆ ಗುರುತು ಹಾಕಿದ ಸಾಲು. ಮೊದಲು ಅವಳಿಗೆ ಲೆಕ್ಚರರ್ ಹತ್ತಿರ ಹೋಗಿ ಕೇಳಲು ನಾಚಿಕೆ. ಪೂರ್ತಿ ಲೆಕ್ಕ ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೂ, ಮೂರನೆಯ ಸಾಲಿನಿಂದ ನಾಲ್ಕನೆಯದ್ದು ಹೇಗೆ ಬಂತು ಎಂದು ಕೇಳುವುದಕ್ಕೂ ವ್ಯತ್ಯಾಸ ಉಂಟು. ಎರಡನೆಯ ತರಹ ಕೇಳಿದವಳಿಗೆ ಅವರು ಸ್ಟಾಫ್ ರೂಮಿನಲ್ಲಿ ಕುಳ್ಳಿರಿಸಿ ಹೇಳಿಕೊಟ್ಟರಂತೆ.

ಪರೀಕ್ಷೆಯ ವಿಷಯದಲ್ಲಿ ಮನೆಯವರಿಗೆ ತಿಳಿದಿರಬೇಕಾದದ್ದು ಒಂದೆರಡು. ಬೋರ್ಡ್ ಪರೀಕ್ಷೆಯಲ್ಲಿ ಹಂತಕ್ಕೆ ಅಂಕ ಉಂಟು, ಉತ್ತರ ಮುಟ್ಟದಿದ್ದರೂ ಸರಿಯಾಗಿ ಬರೆದಷ್ಟಕ್ಕೆ ಸಿಗುತ್ತದೆ. ಹಾಗಾಗಿ ಖಾಲಿ ಬಿಡುವುದು ಬೇಡ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಅಲ್ಲಿ ಹಂತ ಇಲ್ಲ, ತಪ್ಪಿಗೆ ಅಂಕ ಕಡಿಯುವುದೂ ಇಲ್ಲ. 2024ರಿಂದ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದ್ದಾರೆ, ಮೊದಲನೆಯದ್ದರಲ್ಲಿ ಬಿದ್ದವರಿಗೆ ವರ್ಷ ಹಾಳಾಗಬೇಕಾಗಿಲ್ಲ. ಒಂದು ಸಲ ಕಡಿಮೆ ಬಂತೆಂದು ಮಕ್ಕಳ ಓದು ನಿಲ್ಲಿಸುವ ಮೊದಲು ಇದನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಮರ್ಸಿಗೆ ಹೋದರೆ ಗಣಿತ ತಪ್ಪಿತು ಎಂದುಕೊಳ್ಳುವವರೂ ಇದ್ದಾರೆ. ಅಲ್ಲಿಯೂ ಬೇಸಿಕ್ ಮ್ಯಾಥ್ಸ್ ಉಂಟು, ಅದರಲ್ಲಿಯೂ ಡೆರಿವೇಟಿವ್ ಉಂಟು.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹುಡುಗಿಗೆ 80ಕ್ಕೆ 47 ಬಂತು. ಸೌದಿಗೆ ಫೋನ್ ಹೋಯಿತು. ಅವಳ ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಂಜಿನಿಯರಿಂಗಿಗೆ ಫೀಸು ಎಷ್ಟಾಗ್ತದೆ ಎಂದು ವಿಚಾರಿಸಿ ಇಡಲು ನನಗೆ ಹೇಳಿದರು. ವಿಚಾರಿಸುತ್ತಿದ್ದೇನೆ. ಅವಳಿಗೆ 47 ಸಮಾಧಾನ ಕೊಟ್ಟಿಲ್ಲ, ತಪ್ಪಿನ ಪುಸ್ತಕದಲ್ಲಿ ಮತ್ತೆ ನಾಲ್ಕು ಪುಟ ತುಂಬಿದೆ.

ಮೊನ್ನೆ ಇಶಾ ಕಳೆದು ಬಂದಾಗ ಅವಳು ಬಿಸ್ಕಿಟ್ ಡಬ್ಬಿಯಿಂದ ಒಂದು ಚೀಟಿ ಎತ್ತಿ ನನ್ನ ಕೈಗೆ ಕೊಟ್ಟಳು. "ಮಾಮ, ಇವತ್ತು ನೀವು ಮಾಡಿ, ನಾನು ಎಂತಕ್ಕೆ ಅಂತ ಕೇಳ್ತೇನೆ." ಡಿಫರೆನ್ಷಿಯಲ್ ಸಮೀಕರಣದ್ದು. ಎರಡನೆಯ ಸಾಲಿನಲ್ಲಿ ನನ್ನ ಪೆನ್ನು ನಿಂತಿದೆ. ಪುಸ್ತಕ ತೆರೆಯಲು ಅವಳು ಬಿಡುತ್ತಿಲ್ಲ.